ಗೋಡೌನಿಗೆ ಕಾಫಿ ಇಳಿಸುವ ಮೊದಲು

ಅಪ್ಪನ ಟ್ರಂಕಿನಲ್ಲಿ ಇನ್ನೂ ಒಂದು ಚೀಟಿ ಇದೆ. ಕ್ಯಾಲೆಂಡರ್ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ‘42 ಚೀಲ ಚೆರಿ’ ಅಂತ ಬರೆದಿದೆ. ಚೆರಿ ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು. ಸಹಿ ಇಲ್ಲ, ದಿನಾಂಕ ಇಲ್ಲ, ರೇಟೂ ಇಲ್ಲ. ಕೊಟ್ಟವರು ಹದಿನೈದು ವರ್ಷ ನಮ್ಮ ಕಾಫಿ ಕೊಂಡ ವ್ಯಾಪಾರಿ. ಪುತ್ತರಿ ಹಬ್ಬಕ್ಕೆ ಮನೆಗೆ ಬಂದು ಊಟ ಮಾಡಿ ಹೋಗುತ್ತಿದ್ದವರು. ಒಂದು ದಿನ ಅವರ ಗೋಡೌನಿಗೆ ಬೀಗ ಬಿತ್ತು. ಆ ದುಡ್ಡು ಇವತ್ತಿಗೂ ಬಂದಿಲ್ಲ.

1996ರಲ್ಲಿ ಕಾಫಿ ಮಂಡಳಿಯ ಪೂಲ್, ಅಂದರೆ ಕಾಫಿಯನ್ನು ಮಂಡಳಿಗೇ ಒಪ್ಪಿಸಬೇಕಿದ್ದ ಪದ್ಧತಿ, ನಿಂತ ಮೇಲೆ ಯಾರಿಗೆ ಮಾರಬೇಕು ಅನ್ನುವುದು ನಮ್ಮದೇ ತೀರ್ಮಾನ. ಹೆಚ್ಚಿನ ವ್ಯಾಪಾರಿಗಳು ಒಳ್ಳೆಯವರೇ. ಮೋಸ ಮಾಡುವವನೂ ಅವರ ಹಾಗೇ ನಗುತ್ತಾ ಮಾತಾಡುತ್ತಾನೆ, ಅದೇ ಕಷ್ಟ.

ಮೊದಲು ಒಟಿ (ಔಟ್‌ಟರ್ನ್, ಅಂದರೆ ಒಂದು ಚೀಲ ಚೆರಿಯಲ್ಲಿ ಎಷ್ಟು ಕೆಜಿ ಬೀಜ ಸಿಗುತ್ತದೆ ಅನ್ನುವ ಲೆಕ್ಕ) ಮನೆಯಲ್ಲೇ ನೋಡಿಕೊಳ್ಳಿ. ಕಣದ ನಾಲ್ಕೈದು ಕಡೆಯಿಂದ ಒಣಗಿದ ಚೆರಿ ತೆಗೆದು ಬೆರೆಸಿ, 500 ಗ್ರಾಂ ತೂಗಿ. ಕುಟ್ಟಿ, ಸಿಪ್ಪೆ ಕೇರಿ, ಬೀಜ ಮಾತ್ರ ತೂಗಿ. 270 ಗ್ರಾಂ ಬಂದರೆ ಒಟಿ 27. ಅಂದರೆ 50 ಕೆಜಿ ಚೀಲಕ್ಕೆ 27 ಕೆಜಿ ಬೀಜ. ವ್ಯಾಪಾರಿ ‘26 ಅಷ್ಟೇ’ ಅಂದರೆ ಸುಮ್ನೆ ತಲೆಯಾಡಿಸಬೇಡಿ. ನೂರು ಚೀಲದಲ್ಲಿ ಆ ಒಂದು ಒಟಿ ಅಂದರೆ 100 ಕೆಜಿ ಬೀಜ! ನಿಮ್ಮೆದುರೇ ಇನ್ನೊಂದು ಸ್ಯಾಂಪಲ್ ತೆಗೆಯಲು ಹೇಳಿ. ತೇವಾಂಶ ಎಷ್ಟು ತೋರಿಸುತ್ತದೆ ಅಂತ ಮೀಟರನ್ನು ನೀವೇ ಬಗ್ಗಿ ನೋಡಿ.

ಚೀಲಗಳನ್ನು ಮನೆಯಲ್ಲೇ ತೂಗಿ ಕಳಿಸಿ. ಅಲ್ಲಿನ ತಕ್ಕಡಿಗೆ ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ಇದೆಯಾ ನೋಡಿ.

ಇನ್ನು ರೇಟು. ‘ಈಗ ಇಳಿಸಿ, ರೇಟ್ ಏರಿದ ಮೇಲೆ ಕಟ್ ಮಾಡೋಣ’, ಅಂದರೆ ಆಮೇಲೆ ರೇಟ್ ನಿಗದಿ ಮಾಡೋಣ, ಅನ್ನುವ ಮಾತಿಗೇ ನಾವು ಬಿದ್ದದ್ದು. ನಾವು ಕಾಯುತ್ತಿದ್ದಾಗ ಆತ ನಮ್ಮ ಕಾಫಿ ಮಾರಿ ಆಗಿತ್ತು. ಕಾಯಲೇಬೇಕಾದರೆ ಕಾಫಿ ನಿಮ್ಮ ಮನೆಯಲ್ಲೇ ಇರಲಿ. ಇಳಿಸಿದ ದಿನವೇ ಅಚ್ಚಾದ ಬಿಲ್ ಕೇಳಿ. ಅದರಲ್ಲಿ ತೂಕ, ಒಟಿ, ರೇಟ್, ದುಡ್ಡು ಕೊಡುವ ದಿನಾಂಕ, ಸಹಿ ಎಲ್ಲವೂ ಇರಬೇಕು. ಗುರುತಿನವರ ಹತ್ರ ಕೇಳಲು ಸಂಕೋಚ ಆಗುತ್ತೆ, ಅಲ್ವಾ? ಅಪ್ಪನಿಗೂ ಆಗಿತ್ತು.

ಚೆಕ್ ಕೊಟ್ಟರೆ 3 ತಿಂಗಳೊಳಗೆ ಬ್ಯಾಂಕಿಗೆ ಹಾಕಿ. ಬೌನ್ಸ್ ಆದರೆ, ಬ್ಯಾಂಕ್ ತಿಳಿಸಿದ 30 ದಿನದೊಳಗೆ ವಕೀಲರಿಂದ ನೋಟಿಸ್ ಕಳಿಸಿ. ನೋಟಿಸ್ ತಲುಪಿ 15 ದಿನದಲ್ಲಿ ದುಡ್ಡು ಬರದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿಗೆ ದೂರು ಕೊಡಬೇಕು. ‘ಇನ್ನೊಂದು ವಾರ ತಡೀರಿ’ ಅಂತ ಆತ ಫೋನಿನಲ್ಲಿ ಹೇಳುತ್ತಲೇ ಇರುತ್ತಾನೆ. ನೀವು ಕ್ಯಾಲೆಂಡರ್ ನೋಡುತ್ತಿರಿ. ಚೆಕ್ ಇಲ್ಲ, ಬಿಲ್ ಮಾತ್ರ ಇದೆ ಅಂದರೆ ಹಣಕ್ಕೆ ದಾವೆ ಹಾಕಲು ಸಾಮಾನ್ಯವಾಗಿ 3 ವರ್ಷ ಕಾಲಾವಕಾಶ ಇದೆ. ವಕೀಲರ ಖರ್ಚು ಭಾರವಾದರೆ ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ.

ಬೆಳೆಗಾರನಿಗೆ ಕೈಕೊಡುವವನು ಗಿರಾಕಿಯನ್ನು ಬಿಡುತ್ತಾನೆಯೇ? ‘ಶುದ್ಧ ಕೂರ್ಗ್ ಕಾಫಿ’ ಅಂತ ಕೊಂಡ ಪುಡಿಯನ್ನು ಒಂದು ಚಿಟಿಕೆ ತಣ್ಣೀರಿನ ಲೋಟದ ಮೇಲೆ ಉದುರಿಸಿ. ಕಾಫಿ ತೇಲುತ್ತದೆ. ಚಿಕೋರಿ ಕಂದು ಗೆರೆ ಬಿಡುತ್ತಾ ಕೆಳಗಿಳಿಯುತ್ತದೆ. ಚಿಕೋರಿ ಬೆರೆಸುವುದು ತಪ್ಪಲ್ಲ, 49 ಪರ್ಸೆಂಟ್‌ವರೆಗೆ ಅವಕಾಶ ಇದೆ. ಆದರೆ ಎಷ್ಟು ಅಂತ ಪ್ಯಾಕೆಟ್ ಮೇಲೆ ಬರೆದಿರಲೇಬೇಕು. ಬರೆದಿಲ್ಲವಾದರೆ ಬಿಲ್ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.