ಕಾಸರಗೋಡಿನಲ್ಲಿ ತಂಗಿ, ಕಡಲೂರುಗಳಿಗೆ ಹೋಗಿಬನ್ನಿ

ಕರ್ನಾಟಕದ ಕಡೆಯಿಂದ ಕಾಸರಗೋಡಿಗೆ ಬರುವ ಹೆಚ್ಚಿನವರ ಪ್ರವಾಸ ಒಂದೇ ಬಗೆಯದು. ಮಂಗಳೂರಿನಲ್ಲಿ ತಂಗುತ್ತಾರೆ, ಬಾಡಿಗೆ ಕಾರಿನಲ್ಲಿ ಬೇಕಲ ಕೋಟೆಗೆ ಧಾವಿಸುತ್ತಾರೆ, ನಡುಮಧ್ಯಾಹ್ನದ ಬಿಸಿಲಿನಲ್ಲಿ ನಾಲ್ಕು ಫೋಟೊ ತೆಗೆದುಕೊಂಡು ಕತ್ತಲಾಗುವುದರೊಳಗೆ ಗಡಿಯ ತಲಪಾಡಿ ದಾಟಿ ಹಿಂದಿರುಗುತ್ತಾರೆ. ಕಾಸರಗೋಡು ಪೇಟೆ ಅವರ ಪಾಲಿಗೆ ಕಾರಿನ ಕಿಟಕಿಯಾಚೆ ಸರಿದುಹೋಗುವ ಒಂದಷ್ಟು ಬೋರ್ಡುಗಳು, ಅಷ್ಟೆ. ಈ ಲೆಕ್ಕವನ್ನು ತಿರುಗಿಸಿ ನೋಡಿ. ಪೇಟೆಯಲ್ಲೇ ಕೋಣೆ ಹಿಡಿಯಿರಿ. ಒಂದು ದಿನ ಉತ್ತರಕ್ಕೆ, ಇನ್ನೊಂದು ದಿನ ದಕ್ಷಿಣಕ್ಕೆ ಹೋಗಿಬನ್ನಿ. ದೀರ್ಘ ವಾರಾಂತ್ಯವೊಂದು ಸಾಕು. ಕಾರೂ ಬೇಕಾಗಿಲ್ಲ.

ಮೊದಲು ತಿಂಗಳು ಗೊತ್ತುಮಾಡಿ

ನವೆಂಬರ್‌ನಿಂದ ಫೆಬ್ರುವರಿ ಸರಿಯಾದ ಕಾಲ. ಮಾರ್ಚ್ ಕಳೆದರೆ ಸೆಕೆ ಅಂಗಿಯನ್ನು ಬೆನ್ನಿಗೆ ಅಂಟಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಯಾರ ಮಾತನ್ನೂ ಕೇಳುವುದಿಲ್ಲ. ಹಾಗೆಂದು ಮಳೆಗಾಲವನ್ನು ನಾನು ಪೂರ್ತಿ ತಳ್ಳಿಹಾಕುವವನಲ್ಲ. ಬೇಕಲದ ಕೋಟೆಯ ಮೇಲೆ ನಿಂತು ಮಳೆ ಸಮುದ್ರದ ಮೇಲಿಂದ ದಡಕ್ಕೆ ಬರುವುದನ್ನು ನೋಡುವ ಸುಖವೇ ಬೇರೆ. ಆದರೆ ನೀರಿಗಿಳಿಯುವ ಆಸೆ ಇದ್ದರೆ ಆಗ ಬರಬೇಡಿ. ಮೀನೂಟಕ್ಕಾಗಿ ಬರುವವರಿಗೂ ಒಂದು ಮಾತು: ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ ಕೇರಳದಲ್ಲಿ ಟ್ರಾಲ್ ದೋಣಿಗಳಿಗೆ ನಿಷೇಧ. ಆಗ ಬಂಗುಡೆ, ಬೂತಾಯಿಗಳ ದರ ಕೇಳಿದರೆ ಹಸಿವು ಇಳಿಯುತ್ತದೆ.

ಹೊರಡುವ ಹಿಂದಿನ ದಿನ ಇನ್ನೊಂದು ವಿಚಾರಣೆ ಆಗಲಿ. ಕೇರಳದಲ್ಲಿ ಹರತಾಳ ಎಂದರೆ ನಿಜವಾಗಿಯೂ ಹರತಾಳ. ಬಸ್ಸು, ಆಟೊ, ಹೋಟೆಲು ಯಾವುದೂ ಸಿಗದೆ ಕೋಣೆಯಲ್ಲಿ ಬಿಸ್ಕತ್ತು ತಿಂದುಕೊಂಡು ಕೂರಬೇಕಾದೀತು. ಸುದ್ದಿ ನೋಡಿಯೇ ಚೀಲ ಕಟ್ಟಿ.

ಕೋಣೆ ಎಲ್ಲಿ?

ರೈಲು ನಿಲ್ದಾಣಕ್ಕೂ ಹಳೆ ಬಸ್ ನಿಲ್ದಾಣಕ್ಕೂ ಹತ್ತಿರದಲ್ಲಿ. ಊರಿನಲ್ಲಿ ಹೊಸ ಬಸ್ ನಿಲ್ದಾಣವೂ ಇದೆ, ಅಲ್ಲಿಯೂ ವಸತಿಗೃಹಗಳಿವೆ. ಆದರೆ ಬೆಳಗ್ಗಿನ ರೈಲು ಹಿಡಿಯುವವರಿಗೆ ಹಳೆ ನಿಲ್ದಾಣದ ಕಡೆಯೇ ಅನುಕೂಲ. ಬೇಕಲದ ಕಡಲ ಬದಿಯ ರೆಸಾರ್ಟುಗಳು ಚೆನ್ನಾಗಿವೆ, ದುಬಾರಿಯೂ ಹೌದು. ಅಲ್ಲಿ ಉಳಿದರೆ ಅಲ್ಲಿಂದ ಹೊರಗೆ ಕಾಲಿಡಲು ಮನಸ್ಸಾಗುವುದಿಲ್ಲ, ಅದು ಬೇರೆಯದೇ ಪ್ರವಾಸ.

ಬೆಂಗಳೂರಿನಿಂದ ಮಂಗಳೂರು ಮಾರ್ಗವಾಗಿ ಕಣ್ಣೂರಿನ ಕಡೆಗೆ ಹೋಗುವ ರಾತ್ರಿ ರೈಲು ಬೆಳಗ್ಗೆ ಕಾಸರಗೋಡಿನಲ್ಲಿ ಇಳಿಸುತ್ತದೆ. ಮಂಗಳೂರಿನಿಂದಾದರೆ ಸುಮಾರು 50 ಕಿ.ಮೀ.; ಎರಡೂ ರಾಜ್ಯಗಳ ಸರ್ಕಾರಿ ಬಸ್ಸುಗಳು ದಿನವಿಡೀ ಓಡುತ್ತವೆ. ಭಾಷೆಯ ಚಿಂತೆ ಬೇಡ. ಕಾಸರಗೋಡು ಪೇಟೆ ಮತ್ತು ಅದರ ಉತ್ತರಕ್ಕೆ ಕನ್ನಡ, ತುಳು ಧಾರಾಳವಾಗಿ ನಡೆಯುತ್ತವೆ. ಚಂದ್ರಗಿರಿ ಹೊಳೆ ದಾಟಿದ ಮೇಲೆ ಮಲಯಾಳದ್ದೇ ಕಾರುಬಾರು, ಆದರೂ ಕನ್ನಡ ಬಲ್ಲ ಒಬ್ಬರಾದರೂ ಬಸ್ಸಿನಲ್ಲಿ ಸಿಕ್ಕೇ ಸಿಗುತ್ತಾರೆ.

ಬಂದ ದಿನ ಮಧ್ಯಾಹ್ನ ನಿದ್ದೆ ಮಾಡಿ, ಸಂಜೆ ಮಧೂರಿಗೆ ಹೋಗಿ. ಪೇಟೆಯಿಂದ ಸುಮಾರು 8 ಕಿ.ಮೀ. ಮಧುವಾಹಿನಿ ಹೊಳೆಯ ದಡದಲ್ಲಿ ಮದನಂತೇಶ್ವರ ಸಿದ್ಧಿವಿನಾಯಕ ದೇವಸ್ಥಾನವಿದೆ. ದೇವರು ಹೆಸರಿಗೆ ಶಿವ, ಜನ ಬರುವುದು ಗಣಪತಿಗೆ. ಆನೆಯ ಬೆನ್ನಿನಂತೆ ಹಿಂಬದಿ ದುಂಡಗಿರುವ ಮೂರು ಅಂತಸ್ತಿನ ಗರ್ಭಗುಡಿಗೆ ಪೂರ್ತಿ ಒಂದು ಸುತ್ತು ಬನ್ನಿ, ಎದುರಿನಿಂದ ನೋಡಿದರೆ ಅದರ ಅಂದ ತಿಳಿಯುವುದಿಲ್ಲ. ಅಪ್ಪ ಪ್ರಸಾದ ಬಿಡಬೇಡಿ.

ಉತ್ತರದ ದಿನ: ಕುಂಬಳೆ, ಮಂಜೇಶ್ವರ

ಇಲ್ಲಿ ಒಂದು ಸೂತ್ರ ನೆನಪಿರಲಿ: ದೇವಸ್ಥಾನಗಳು ಬೆಳಗ್ಗೆ, ಕಡಲು ಸಂಜೆ. ಮಧ್ಯಾಹ್ನ ನಡೆ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆಗೇ. ಆದ್ದರಿಂದ ಹತ್ತಿರದ ಕುಂಬಳೆ ಮೊದಲು, ದೂರದ ಮಂಜೇಶ್ವರ ಆಮೇಲೆ.

ಕುಂಬಳೆಗೆ ಬಸ್ಸಾದರೂ ಆದೀತು, ರೈಲಾದರೂ ಆದೀತು. ಅಲ್ಲಿಂದ ಆಟೊ ಹಿಡಿದರೆ ಅನಂತಪುರ ದೂರವಲ್ಲ. ಮುರಕಲ್ಲಿನ ಬೋಳು ಗುಡ್ಡದ ಮೇಲೆ ಒಮ್ಮೆಗೇ ಒಂದು ಕೆರೆ, ಕೆರೆಯ ನಡುವೆ ಗರ್ಭಗುಡಿ, ದಡದಿಂದ ಅಲ್ಲಿಗೊಂದು ಕಾಲುಸೇತುವೆ. ತಿರುವನಂತಪುರದ ಪದ್ಮನಾಭಸ್ವಾಮಿಯ ಮೂಲಸ್ಥಾನ ಇದೇ ಎಂಬುದು ನಂಬಿಕೆ. ಒಳಗಿನ ಮೂಲ ಮೂರ್ತಿ ಕಲ್ಲಿನದೂ ಲೋಹದ್ದೂ ಆಗಿರಲಿಲ್ಲ, ಹಲವು ವಸ್ತುಗಳನ್ನು ಬೆರೆಸಿ ಮಾಡುವ ಕಡುಶರ್ಕರ ಪಾಕದ್ದಾಗಿತ್ತು. ಗಂಡಸರು ಅಂಗಿ ಕಳಚಬೇಕು. ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡಿತು; ಮರುವರ್ಷ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಅದು ನಿಮಗೂ ಕಾಣಿಸಲೇಬೇಕೆಂದು ಅರ್ಚಕರನ್ನು ಪೀಡಿಸಬೇಡಿ, ಕೆರೆಗೆ ಕಲ್ಲೆಸೆಯಲಂತೂ ಬೇಡ.

ಕುಂಬಳೆ ಪೇಟೆಗೆ ಮರಳಿದಾಗ ನಡೆ ತೆರೆದಿದ್ದರೆ ಕಣಿಪುರ ಗೋಪಾಲಕೃಷ್ಣ ದೇವಸ್ಥಾನಕ್ಕೂ ಹೋಗಿ. ಯಕ್ಷಗಾನದವರಿಗೆ ಇದು ಪ್ರಸಂಗಗಳ ಕವಿ ಪಾರ್ತಿಸುಬ್ಬನ ಊರು. ಬೇರೆ ಕಾರಣ ಅವರಿಗೆ ಬೇಕಾಗಿಲ್ಲ.

ಆಮೇಲೆ ಮಂಜೇಶ್ವರದ ಬಸ್ಸು. ಇಲ್ಲಿ ಹೊಸಬರಿಗೆ ಒಂದು ತೊಡಕು. ಹೆದ್ದಾರಿ ಈಗ ಆರು ಪಥ. ಊರೂರಿನ ಬಸ್ಸು ನಿಲ್ಲುವುದು ಬದಿಯ ಸರ್ವಿಸ್ ರಸ್ತೆಯಲ್ಲಿ, ದಾಟಬೇಕಾದರೆ ಅಂಡರ್‌ಪಾಸ್‌ವರೆಗೆ ನಡೆಯಬೇಕು. ಎದುರಿನಲ್ಲೇ ನಿಮ್ಮ ಬಸ್ಸು ಹೊರಟುಹೋಗುವುದನ್ನು ಕಾಂಕ್ರೀಟಿನ ಗೋಡೆಯ ಈಚೆಯಿಂದ ನೋಡುವ ಯೋಗ ಬೇಡವಾದರೆ, ಯಾವ ಬದಿಯಲ್ಲಿ ನಿಲ್ಲಬೇಕೆಂದು ಮೊದಲೇ ಅಂಗಡಿಯವರನ್ನು ಕೇಳಿ.

ಮಂಜೇಶ್ವರದಲ್ಲಿ ಊಟ ಮುಗಿಸಿ ಗೋವಿಂದ ಪೈಗಳ ಮನೆಗೆ ಹೋಗಿ. 1949ರಲ್ಲಿ ಅಂದಿನ ಮದ್ರಾಸ್ ಸರ್ಕಾರ ಅವರಿಗೆ ರಾಷ್ಟ್ರಕವಿ ಎಂಬ ಬಿರುದು ಕೊಟ್ಟಿತು. ಕನ್ನಡದ ಮೊದಲ ರಾಷ್ಟ್ರಕವಿ ಅವರೇ. ಮನೆ ಇರುವ ಆವರಣ ಈಗ ‘ಗಿಳಿವಿಂಡು’ ಎಂಬ ಸ್ಮಾರಕ. ಆಟೊದವರಿಗೆ ಹೆಸರು ಹೇಳಿದರೆ ಸಾಕು. ಕೊಂಕಣಿ ಮಾತಾಡುವವರಿಗೆ ಮಂಜೇಶ್ವರವೆಂದರೆ ಅನಂತೇಶ್ವರ ದೇವಸ್ಥಾನ, ಅವರಿಗೆ ದಾರಿ ಹೇಳಬೇಕಾಗಿಲ್ಲ. ಬಿಸಿಲಿಳಿದ ಮೇಲೆ ಕಣ್ವತೀರ್ಥದ ಕಡಲತೀರ. ಬೇಕಲದಷ್ಟು ಗದ್ದಲ ಇಲ್ಲಿಲ್ಲ, ಅಂಗಡಿಗಳೂ ಕಡಿಮೆ. ನೀರಿನ ಬಾಟಲಿ ಜೊತೆಗಿರಲಿ. ಮರಳುವಾಗ ರೈಲು ಹತ್ತಿ. ಇಲ್ಲಿ ಎಲ್ಲ ರೈಲುಗಳೂ ನಿಲ್ಲುವುದಿಲ್ಲವಾದ್ದರಿಂದ ಸಂಜೆಯ ಪ್ಯಾಸೆಂಜರ್ ವೇಳೆ ಬೆಳಗ್ಗೆಯೇ ನೋಡಿಟ್ಟುಕೊಂಡಿರಬೇಕು.

ದಕ್ಷಿಣದ ದಿನ: ಬೇಕಲ ಮತ್ತು ಆಚೆ

ಕಾಸರಗೋಡಿನಿಂದ ಕಾಞಂಗಾಡಿಗೆ ಎರಡು ದಾರಿಗಳಿವೆ. ಒಂದು ಚಟ್ಟಂಚಾಲ್, ಪೆರಿಯ ಮೂಲಕ ಹೋಗುವ ಹೆದ್ದಾರಿ. ಇನ್ನೊಂದು ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಉದುಮ ಮೂಲಕ ಹೋಗುವ ಕರಾವಳಿ ರಸ್ತೆ. ಬೇಕಲ ಇರುವುದು ಎರಡನೆಯದರಲ್ಲಿ. ‘ಕಾಞಂಗಾಡ್’ ಎಂಬ ಬೋರ್ಡು ನೋಡಿದ್ದೇ ತಡ ಹತ್ತಿಬಿಟ್ಟರೆ ಕೋಟೆ ಸಿಗದೆ ಕಾಞಂಗಾಡೇ ಸಿಕ್ಕೀತು. ‘ಚಂದ್ರಗಿರಿ ದಾರಿಯದ್ದೇ?’ ಎಂದು ಕಂಡಕ್ಟರನ್ನು ಕೇಳಿ ಹತ್ತಿ. ರೈಲೂ ಇದೆ: ಹಿಂದೆ ಪಳ್ಳಿಕ್ಕೆರೆ ಎಂದಿದ್ದ ನಿಲ್ದಾಣದ ಹೆಸರು ಈಗ ಬೇಕಲ ಫೋರ್ಟ್. ಅಲ್ಲಿಯೂ ಪ್ಯಾಸೆಂಜರ್ ಗಾಡಿಗಳನ್ನೇ ನಂಬಬೇಕು.

ಕೋಟೆಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಸುಮಾರು 40 ಎಕರೆಯ ಬಯಲು, ನೆರಳು ಬಹಳ ಕಡಿಮೆ. ಹತ್ತೂವರೆ ದಾಟಿದರೆ ಮುರಕಲ್ಲು ಕಾದು ಕೆಳಗಿನಿಂದಲೂ ಬಿಸಿ ಹೊಡೆಯುತ್ತದೆ. 1650ರ ಸುಮಾರಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು. ಮುಂದೆ ಹೈದರ್, ಟಿಪ್ಪು, ಕಂಪನಿಯವರು ಎಂದು ಕೈ ಬದಲಾಯಿತು. ಒಳಗೆ ಅರಮನೆ, ಸಿಂಹಾಸನ ಹುಡುಕಬೇಡಿ. ಇದು ಕಾವಲಿನ ಕೋಟೆ. ನಡುವಿನ ವೀಕ್ಷಣಾ ಬುರುಜಿನ ಇಳಿಜಾರು ಹತ್ತಿದರೆ ಸುತ್ತಲ ಕಡಲತೀರವೆಲ್ಲ ಕಣ್ಣಿಗೆ ಬೀಳುತ್ತದೆ, ಅದಕ್ಕಾಗಿಯೇ ಅದನ್ನು ಕಟ್ಟಿದ್ದು.

ಹೆಚ್ಚಿನವರು ಗಮನಿಸದೆ ಹೋಗುವುದು ಕಡಲ ಬದಿಯ ಗೋಡೆಯ ಕಿಂಡಿಗಳನ್ನು. ಒಂದಕ್ಕೆ ಕಣ್ಣಿಟ್ಟು ನೋಡಿ, ಆಮೇಲೆ ಅದರ ಕೆಳಗಿನದಕ್ಕೆ. ಮೇಲಿನದರಲ್ಲಿ ದೂರದ ನೀರು ಕಾಣುತ್ತದೆ, ಕೆಳಗಿನದರಲ್ಲಿ ಹತ್ತಿರದ ಬಂಡೆ, ತೀರ ಕೆಳಗಿನದರಲ್ಲಿ ಗೋಡೆಯ ಬುಡ. ಶತ್ರು ದೂರದಲ್ಲಿರುವಾಗ, ಸಮೀಪಿಸಿದಾಗ, ಗೋಡೆಗೇ ಬಂದು ತಾಗಿದಾಗ ಗುರಿಯಿಡಲು ಬೇರೆ ಬೇರೆ ಕೋನ. ಮಕ್ಕಳು ಜೊತೆಗಿದ್ದರೆ ಇದೊಂದರಲ್ಲೇ ಅರ್ಧ ಗಂಟೆ ಕಳೆಯುತ್ತದೆ.

ಮುಂದಿನದಕ್ಕೆ ಒಂದನ್ನು ಆರಿಸಿಕೊಳ್ಳಿ, ಎರಡನ್ನೂ ತುರುಕಬೇಡಿ. ಮೊದಲನೆಯದು ಕಾಞಂಗಾಡು, ನಮ್ಮವರ ಬಾಯಲ್ಲಿ ಹೊಸದುರ್ಗ. ಅಲ್ಲಿ ಗುಡ್ಡವನ್ನು ಕೊರೆದು ಮಾಡಿದ ಗುಹೆಗಳಿರುವ ನಿತ್ಯಾನಂದಾಶ್ರಮವಿದೆ, 1931ರಲ್ಲಿ ಸ್ವಾಮಿ ರಾಮದಾಸರು ಸ್ಥಾಪಿಸಿದ ಆನಂದಾಶ್ರಮವಿದೆ. ಎರಡನೆಯದು ನೀಲೇಶ್ವರದ ಬಳಿಯ ವಲಿಯಪರಂಬ ಹಿನ್ನೀರು. ಕೋಟಪ್ಪುರಂನಿಂದ ದೋಣಿಮನೆಗಳು ಹೊರಡುತ್ತವೆ. ಬಾಡಿಗೆ ಇಡೀ ದೋಣಿಗೆ, ತಲೆಗಲ್ಲ. ಆದ್ದರಿಂದ ನಾಲ್ಕಾರು ಮಂದಿ ಇದ್ದರೆ ಮಾತ್ರ ಲಾಭ. ಇಬ್ಬರೇ ಇದ್ದರೆ ಆಶ್ರಮಕ್ಕೇ ನನ್ನ ಮತ. ಸೂರ್ಯಾಸ್ತಕ್ಕೆ ಪಳ್ಳಿಕ್ಕೆರೆಯ ಕಡಲತೀರಕ್ಕೆ ಮರಳಿ, ಕೋಟೆಯೊಳಗೆ ಕತ್ತಲಾಗುವ ತನಕ ಇರಲು ಬಿಡುವುದಿಲ್ಲ.

ಅಕ್ಟೋಬರ್ ಕೊನೆಯಿಂದ ಮೇವರೆಗೆ ಈ ಕಡೆ ತೆಯ್ಯಂ ಎಂಬ ದೈವಾರಾಧನೆಯ ಕುಣಿತದ ಕಾಲ. ಎಲ್ಲಿ, ಯಾವ ರಾತ್ರಿ ಎಂಬುದನ್ನು ವಸತಿಗೃಹದವರೇ ಹೇಳಿಯಾರು. ಅಲ್ಲಿ ಹೋದಾಗ ಮೊಬೈಲ್ ಎತ್ತುವ ಮೊದಲು ಕೇಳಿ.

ಕೊನೆಯ ಬೆಳಗ್ಗೆ ಪೇಟೆಗೆ

ತಳಂಗರೆಯ ಮಾಲಿಕ್ ದೀನಾರ್ ಮಸೀದಿ ರೈಲು ನಿಲ್ದಾಣದಿಂದ ದೂರವಿಲ್ಲ. ಶುಕ್ರವಾರ ಮಧ್ಯಾಹ್ನ ತಪ್ಪಿಸಿ. ಕುಸುರಿ ಹಾಕಿದ ತಳಂಗರೆ ಟೊಪ್ಪಿಗೆ ಹೆಸರಾದ ಜಾಗವೂ ಇದೇ. ಹೊರಡುವ ಮುನ್ನ ಕಾಸರಗೋಡು ಸೀರೆ ನೋಡಬೇಕೆಂದರೆ ವಿದ್ಯಾನಗರದ ಕಡೆಯ ನೇಕಾರರ ಸಹಕಾರ ಸಂಘಕ್ಕೇ ಹೋಗಿ. ಕೈಮಗ್ಗದ ಹತ್ತಿ ಸೀರೆ, ಗಟ್ಟಿ ಬಣ್ಣ, ಭೌಗೋಳಿಕ ಸೂಚಿಕೆ ಪಡೆದದ್ದು. ರಜಾದಿನ ಬಾಗಿಲು ತೆರೆದಿರುತ್ತದೆಯೇ ಎಂದು ಮೊದಲೇ ವಿಚಾರಿಸಿ. ನಿಮ್ಮ ಕೊನೆಯ ದಿನ ಭಾನುವಾರವಾದರೆ ಈ ಕೆಲಸವನ್ನು ಬಂದ ದಿನವೇ ಮುಗಿಸಿಕೊಂಡು, ಮಧೂರಿಗೆ ಅಲ್ಲಿಂದಲೇ ಆಟೊ ಹಿಡಿಯಿರಿ.