ಮಲೆನಾಡಿನ ಮಳೇಲಿ ಹಳೇ ಪದ್ಮಿನಿಗೆ ಕವರ್ ಹುಡುಕಿದ್ದು: ನನ್ನ ಅನುಭವ

ನಮ್ಮನೇಲಿ 1986ರ ಪ್ರೀಮಿಯರ್ ಪದ್ಮಿನಿ ಕಾರಿದೆ. ಅಪ್ಪಯ್ಯ ಶಿವಮೊಗ್ಗದಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಊರಲ್ಲಿ ಇವತ್ತಿಗೂ ಎಲ್ರೂ ಅದನ್ನ ಫಿಯೆಟ್ ಅಂತಲೇ ಕರೀತಾರೆ. ಬೊಂಬಾಯಿ ಕುರ್ಲಾದಲ್ಲಿ ತಯಾರಾದ ಗಾಡಿ, 1089 ಸಿಸಿ ಇಂಜಿನ್, ಗೇರು ಸ್ಟೇರಿಂಗ್ ಪಕ್ಕದಲ್ಲೇ. 2023ರ ಅಕ್ಟೋಬರಲ್ಲಿ ಬೊಂಬಾಯಿಯ ಕೊನೇ ಪದ್ಮಿನಿ ಟ್ಯಾಕ್ಸಿ ನಿಂತ ಮೇಲಂತೂ ಮಾರ್ತೀರಾ ಅಂತ ಕೇಳೋರು ಜಾಸ್ತಿ ಆಗಿದಾರೆ. ಮಾರಲ್ಲ.

ನಾವಿರೋದು ಸಾಗರದ ಹತ್ರ ಹಳ್ಳೀಲಿ. ಕಾರಿಗೊಂದು ಶೆಡ್ ಕಟ್ರೀ ಅಂತ ಎಲ್ರೂ ಹೇಳ್ತಾರೆ, ಆದ್ರೆ ಮನೆ ಮುಂದಿನ ಅಂಗಳ ಪೂರ್ತಿ ಅಡಿಕೆಗೆ ಬೇಕು, ಕೊಯ್ಲು ಶುರುವಾದ್ರೆ ಚಪ್ಪರ ಹಾಕಿ ಮೇಲೆ ಅಡಿಕೆ ಒಣಗ್ಸಬೇಕು, ಮಳೆಗಾಲಕ್ಕೆ ಚಪ್ಪರ ಬಿಚ್ಚಬೇಕು, ಹಂಗಾಗಿ ಕಾರು ಅಂಗಳದ ಅಂಚಲ್ಲೇ ನಿಲ್ಲೋದು. ಆರು ತಿಂಗಳು ಚಪ್ಪರದ ಅಡಿಗೆ, ಆರು ತಿಂಗಳು ಆಕಾಶದ ಅಡಿಗೆ.

ಹಿಂದೊಂದ್ಸಲ ಫುಲ್ ಪೇಂಟ್ ಮಾಡ್ಸಿ ಬಾಗಿಲಿನ ರಬ್ಬರ್ ಬೀಡಿಂಗ್ ಎಲ್ಲಾ ಬೆಂಗಳೂರು ಜೆ.ಸಿ. ರಸ್ತೆಯಿಂದ ಹುಡುಕಿ ತಂದು ಹಾಕ್ಸಿದ್ದೆ. ಇಷ್ಟು ಖರ್ಚು ಮಾಡಿದೀನಿ, ಒಂದ್ ಹನಿ ನೀರು ತಾಗಬಾರದು ಅಂದ್ಕೊಂಡು ದಪ್ಪ ಪ್ಲಾಸ್ಟಿಕ್ ಥರದ ಪಿವಿಸಿ ಕವರ್ ತಂದೆ, ಪ್ಯಾಕೆಟ್ ಮೇಲೆ ನೂರಕ್ಕೆ ನೂರು ವಾಟರ್‌ಪ್ರೂಫ್ ಅಂತ ಬರೆದಿತ್ತು, ಅದು ಸುಳ್ಳೂ ಅಲ್ಲ, ಮೇಲಿಂದ ನಿಜವಾಗ್ಲೂ ಒಂದು ಹನಿ ಇಳೀಲಿಲ್ಲ. ಜೂನ್ ಮೊದಲ ವಾರ ಹೊದಿಸಿ ಹಗ್ಗ ಬಿಗಿದು ಬಿಟ್ಟವನು ಆಗಸ್ಟಲ್ಲಿ ತೆಗ್ದೆ. ಬಾನೆಟ್ ಮೇಲೆಲ್ಲಾ ಸಾಸಿವೆ ಕಾಳಿನಷ್ಟು ಸಣ್ಣ ಸಣ್ಣ ಗುಳ್ಳೆ. ಸ್ಟೇರಿಂಗ್ ಮೇಲೆ, ಸೀಟಿನ ಮೇಲೆ ಬಿಳೀ ಬೂಷ್ಟು. ಬಂಪರಿನ ಕ್ರೋಮ್ ಮಂಕಾಗಿ ಚುಕ್ಕೆ ಚುಕ್ಕೆ. ಅಪ್ಪಯ್ಯ ಏನೂ ಬೈಲಿಲ್ಲ, ಬಾನೆಟ್ ಮೇಲೆ ಕೈ ಆಡ್ಸಿ ಒಳಗೆ ಹೋದ್ರು, ಅದೇ ಜಾಸ್ತಿ ನೋವಾಗಿದ್ದು ನಂಗೆ.

ಪೇಂಟರ್ ಸಾಬ್ರ ಹತ್ರ ತಗೊಂಡು ಹೋದೆ. ಅವ್ರು ನೋಡಿದ್ ಕೂಡ್ಲೇ "ಪ್ಲಾಸ್ಟಿಕ್ ಹೊದಿಸಿದ್ರಾ ಮಾರಾಯ್ರೆ?" ಅಂದ್ರು. ನೀರು ಒಳಗೆ ಬಂದಿಲ್ಲ ಸಾಬ್ರೆ ಅಂದೆ. "ಬಂದಿದ್ದು ಮೇಲಿಂದಲ್ಲ, ಕೆಳಗಿಂದ" ಅಂದ್ರು. ಅಲ್ಲಿವರೆಗೂ ನಂಗೆ ಅದು ತಲೆಗೇ ಹೊಳೆದಿರ್ಲಿಲ್ಲ. ಒದ್ದೆ ಮಣ್ಣಿನ ಮೇಲೆ ಕಾರು ನಿಂತಿದೆ, ಅಲ್ಲಿಂದ ಪಸೆ ಮೇಲೆ ಏಳ್ತಾನೇ ಇರುತ್ತೆ, ರಾತ್ರಿ ತಗಡು ತಣ್ಣಗಾದಾಗ ಆ ಪಸೆಯೆಲ್ಲಾ ತಗಡಿನ ಮೇಲೂ ಕವರಿನ ಒಳಮೈಯಲ್ಲೂ ಹನಿಯಾಗಿ ಕೂರುತ್ತೆ, ಹಗಲು ಒಂದ್ ಗಂಟೆ ಬಿಸಿಲು ಬಿದ್ರೆ ಹಬೆಯಾಗುತ್ತೆ, ಹೊರಗೆ ಹೋಗಕ್ಕೆ ದಾರಿ ಇಲ್ಲ, ರಾತ್ರಿ ಮತ್ತೆ ಹನಿ. ಆಮೇಲೊಂದು ಬೆಳಗ್ಗೆ ಅದೇ ಕವರ್ ಮತ್ತೆ ಹಾಕಿ ತುದಿ ಎತ್ತಿ ನೋಡ್ದೆ, ಇಡ್ಲಿ ಪಾತ್ರೆ ಮುಚ್ಚಳ ತೆಗ್ದಾಗ ಒಳಗಡೆ ಹೆಂಗಿರುತ್ತೋ ಹಂಗೇ ಇತ್ತು. ಪೇಂಟ್ ಅನ್ನೋದೂ ನಾವಂದ್ಕೊಂಡಷ್ಟು ಗಟ್ಟಿ ಅಲ್ಲ, ವಾರಗಟ್ಲೆ ಪಸೆ ತಾಗ್ತಿದ್ರೆ ನಿಧಾನಕ್ಕೆ ಒಳಗಿಳಿದು ಅಡಿಯಿಂದ ಎಬ್ಬಿಸುತ್ತೆ. ಹೊಸ ಪೇಂಟ್ ಪೂರ್ತಿ ಒಣಗಿ ಗಟ್ಟಿಯಾಗೋ ಮೊದ್ಲೇ ಹೊದಿಸಿದ್ದೂ ಒಂದು ತಪ್ಪು, ಪೇಂಟ್ ಆದ್ಮೇಲೆ ಕೆಲವು ವಾರ ಏನೂ ಮುಚ್ಚಬಾರದು ಅಂತ ಸಾಬ್ರು ಹೇಳಿದ್ದು ಆಗ್ಲೇ.

ಮುಂದಿನ ವರ್ಷ ಹೆದರಿಕೊಂಡು ಹಳೇ ಕಾಟನ್ ಬೆಡ್‌ಶೀಟ್ ನಾಲ್ಕು ಸೇರ್ಸಿ ಹೊಲಿಸಿ ಹಾಕ್ದೆ. ಒಳಗಿದ್ದಿದ್ರೆ ಅದು ಒಳ್ಳೇದೇ. ಹೊರಗೆ ಮೊದಲ ಮಳೆಗೇ ನೀರು ಕುಡಿದು ಭಾರವಾಗಿ ಕಾರಿಗೆ ಅಂಟ್ಕೊಂಡ್ತು, ಒದ್ದೆ ಬಟ್ಟೆ ಸುತ್ತಿಟ್ಟ ಹಂಗೆ. ಎರಡೇ ದಿನಕ್ಕೆ ತೆಗ್ದೆ.

ಆಮೇಲೆ ಯೋಚ್ನೆ ಮಾಡ್ದೆ. ನಮ್ಮ ಕಡೆ ಮಣ್ಣಿನ ಗೋಡೆಗೆ ಮಳೆಗಾಲದ ಮುಂಚೆ ಅಡಿಕೆ ಸೋಗೆ ಕಟ್ತಾರಲ್ಲ, ಅದೇನು ವಾಟರ್‌ಪ್ರೂಫಾ? ಅಲ್ಲ. ಇರಚಲು ಹೊಡೆದ್ರೆ ತಡೆಯುತ್ತೆ, ಹಿಂದಗಡೆ ಗಾಳಿ ಆಡುತ್ತೆ, ಅಲ್ಪ ಸ್ವಲ್ಪ ಒದ್ದೆಯಾದ್ರೂ ಒಣಗುತ್ತೆ. ಕಾರಿಗೂ ಬೇಕಾಗಿದ್ದು ಅದೇ. ನೀರು ಒಳಗೆ ಬರದೇ ಇರೋದಕ್ಕಿಂತ ಒಳಗಿರೋ ಪಸೆ ಹೊರಗೆ ಹೋಗೋದು ಮುಖ್ಯ. ಈ ಒಂದು ಮಾತು ಮೊದ್ಲೇ ಗೊತ್ತಿದ್ದಿದ್ರೆ ನನ್ನ ಬಾನೆಟ್ ಉಳೀತಿತ್ತು.

ಮೂರನೇ ಸಲ ಸುಮ್ನೆ ಆರ್ಡರ್ ಮಾಡ್ಲಿಲ್ಲ, ಮೂರು ಕಡೆ ಫೋನ್ ಮಾಡಿ ಅಂಗೈ ಅಗಲದ ಬಟ್ಟೆ ತುಂಡು ಕಳ್ಸಿ ಅಂತ ಕೇಳ್ದೆ. ಇಬ್ರು ಕಳ್ಸಿದ್ರು. ಬಾಯಿ ಹಚ್ಚಿ ಊದಿ ನೋಡಿ, ಗಾಳಿ ದಾಟಿದ್ರೆ ಒಳ್ಳೇ ಬಟ್ಟೆ ಅಂತ ಒಬ್ರು ಹೇಳಿದ್ರು, ಅದು ಸರಿಯಲ್ಲ ಅಂತ ನನ್ನ ಅನುಭವ, ಯಾಕಂದ್ರೆ ಮಧ್ಯದಲ್ಲಿ ಸೂಕ್ಷ್ಮ ತೂತಿರೋ ಫಿಲ್ಮ್ ಪದರ ಇರೋ ಬಟ್ಟೇಲಿ ಊದಿದ ಗಾಳಿ ದಾಟಲ್ಲ, ಆದ್ರೆ ಹಬೆ ದಾಟುತ್ತೆ. ನಾನು ಮಾಡಿದ್ದು ಹಿಂಗೆ. ಸ್ಟೀಲ್ ಚೊಂಬಲ್ಲಿ ಕುದಿಯೋ ನೀರು ಅರ್ಧ ಹಾಕಿ, ಬಾಯಿಗೆ ಬಟ್ಟೆ ತುಂಡು ಬಿಗಿದು ರಬ್ಬರ್ ಬ್ಯಾಂಡ್ ಹಾಕಿ, ಮೇಲೊಂದು ಒಣಗಿದ ಗಾಜಿನ ಲೋಟ ಬೋರಲು ಇಟ್ಟೆ. ಪಿವಿಸಿ ತುಂಡಿಗೆ ಐದು ನಿಮಿಷ ಆದ್ರೂ ಲೋಟ ಸ್ವಚ್ಛ. ಬೆಳ್ಳಿ ಬಣ್ಣದ ತೆಳ್ಳನೆ ಟಫೇಟಾ ಬಟ್ಟೆಗೂ ಹೆಚ್ಚು ಕಮ್ಮಿ ಅಷ್ಟೇ, ಒಳಗಡೆ ಕೋಟಿಂಗ್ ಇರುತ್ತಲ್ಲ. ನೇಯದೆ ನಾರು ಒತ್ತಿ ಮಾಡಿದ ಮೂರು ಪದರದ ನಾನ್‌ವೋವನ್ ತುಂಡಿಗೆ ಎರಡು ನಿಮಿಷದೊಳಗೆ ಲೋಟದ ಒಳಗೆ ಮಂಜು ಕಟ್ತು.

ಇನ್ನೊಂದು ನೀರಿನ ಪರೀಕ್ಷೆ. ಅದೇ ಚೊಂಬು ಖಾಲಿ ಮಾಡಿ, ಬಟ್ಟೆ ಸ್ವಲ್ಪ ಗುಳಿ ಬೀಳೋ ಹಂಗೆ ಕಟ್ಟಿ, ಒಂದು ಲೋಟ ನೀರು ಹೊಯ್ದು ರಾತ್ರಿಯಿಡೀ ಬಿಟ್ಟೆ, ಮಲಗೋ ಮುಂಚೆ ಅಡಿಯಿಂದ ಬೆರಳಲ್ಲಿ ಸ್ವಲ್ಪ ಉಜ್ಜಿದೆ ಕೂಡ. ಫಿಲ್ಮ್ ಇಲ್ಲದ ನಾನ್‌ವೋವನ್ ಉಜ್ಜಿದ್ ಕಡೆ ಜಿನುಗ್ತು. ಫಿಲ್ಮ್ ಇದ್ದದ್ದು ಬೆಳಗ್ಗೆವರೆಗೂ ತಡೀತು. ಎರಡೂ ಪರೀಕ್ಷೆ ಪಾಸಾದ ಬಟ್ಟೆ ಅದೊಂದೇ, ಒಳಗಡೆ ಮೆತ್ತನೆ ಪದರ ಇರೋದು. ಅದನ್ನೇ ತಗೊಂಡೆ, ಹೊಲಿಗೆ ಸೇರಿ 4,200 ರೂಪಾಯಿ ಆಯ್ತು.

ಈ ಬಟ್ಟೆಗೂ ಒಂದು ದೋಷ ಇದೆ, ಇದರ ನಾರು ಪಾಲಿಪ್ರಾಪಿಲೀನ್ ಅನ್ನೋ ಪ್ಲಾಸ್ಟಿಕ್, ಅದು ಬಿಸಿಲಿಗೆ ತಡೆಯಲ್ಲ, ಯುವಿ ತಡೆಯೋ ಅಂಶ ಸೇರ್ಸಿಲ್ಲ ಅಂದ್ರೆ ಪುಡಿಪುಡಿಯಾಗಿ ಉದುರುತ್ತೆ. ಕಲಬುರಗಿ, ರಾಯಚೂರು ಕಡೆಯವ್ರಿಗೆ ನಾನು ಇದನ್ನ ಹೇಳಲ್ಲ, ಅಲ್ಲಿ ಮಳೆಗಿಂತ ಬಿಸಿಲು ಮತ್ತೆ ಧೂಳೇ ಶತ್ರು, ಬಿಸಿಲು ತಡೆಯೋ ದಪ್ಪ ಪಾಲಿಯೆಸ್ಟರ್ ನೋಡ್ಬೇಕು, ದುಡ್ಡಿದ್ರೆ ನೂಲಿನಲ್ಲೇ ಬಣ್ಣ ಸೇರಿರೋ ಅಕ್ರಿಲಿಕ್ ನೇಯ್ಗೆ ಬಟ್ಟೆ ಇನ್ನೂ ಒಳ್ಳೇದು. ಕರಾವಳಿಯವ್ರಿಗೆ ಉಪ್ಪುಗಾಳಿ ಬೇರೆ, ಅವ್ರಿಗೂ ಹಬೆ ದಾಟೋ ಬಟ್ಟೆನೇ ಬೇಕು. ನಮ್ಮಲ್ಲಿ ಬೇಸಿಗೇಲಿ ಕಾರು ಚಪ್ಪರದ ಅಡಿಗೆ ಇರೋದ್ರಿಂದ ನಂಗೆ ಇದು ಸರಿಹೋಯ್ತು.

ಅಳತೆ ಬಗ್ಗೆ ಹೇಳ್ಲೇಬೇಕು. ರೆಡಿಮೇಡ್ ಪಟ್ಟೀಲಿ ಪದ್ಮಿನಿ ಹೆಸರೇ ಇರಲ್ಲ. ಅಂಗಡಿಯವ್ರು ಯಾವ್ದೋ ಹ್ಯಾಚ್‌ಬ್ಯಾಕಿಂದು ಕೊಡ್ತಾರೆ, ಹಿಂದೆ ಡಿಕ್ಕಿ ಅರ್ಧ ಹೊರಗೇ ಉಳಿಯುತ್ತೆ. ಈಗಿನ ಸೆಡಾನಿಂದು ಹಾಕಿದ್ರೆ ದೊಗಳೆ. ಟೇಪ್ ಹಿಡಿದ್ರೆ ನಮ್ಮ ಗಾಡಿ ಬಂಪರಿಂದ ಬಂಪರಿಗೆ ಹೆಚ್ಚು ಕಮ್ಮಿ 13 ಅಡಿ, ಅಗಲ 5 ಅಡಿಗೆ ಸ್ವಲ್ಪ ಕಮ್ಮಿ. ದೊಗಳೆ ಇದ್ರೆ ಏನಾಗುತ್ತೆ ಅಂದ್ರೆ ಮುಂಗಾರು ಗಾಳಿಗೆ ಪಟಪಟ ಬಡೀತಾ ಇರುತ್ತೆ, ಒಳಗೆ ಒಂಚೂರು ಧೂಳಿದ್ರೂ ಎಮರಿ ಪೇಪರ್ ಹಾಕಿ ತಿಕ್ಕಿದ ಹಂಗೆ, ನಮ್ಮಂಥ ಹಳೇ ಗಾಡೀಲಿ ಬಣ್ಣದ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ ಪದರ ಇಲ್ದಿದ್ರೆ ಸೀದಾ ಬಣ್ಣಕ್ಕೇ ಪೆಟ್ಟು. ಹಂಗಾಗಿ ಅಳತೆ ಕೊಟ್ಟೇ ಹೊಲಿಸಿದ್ದು. ಬಾಗಿಲ ಕನ್ನಡಿಗೆ ಜೇಬು ಬೇಡ ಅಂದೆ, ಯಾಕಂದ್ರೆ ನಮ್ಮದ್ರಲ್ಲಿ ಒಂದೇ ಕಡೆ ಕನ್ನಡಿ ಇರೋದು, ಅದೂ ಮಡಚುತ್ತೆ. ಹೊಟ್ಟೆ ಕೆಳಗೆ ಬಕಲ್ ಪಟ್ಟಿ ಎರಡು ಹಾಕ್ಸಿದೆ, ಲೋಹದ್ದಲ್ಲ, ಪ್ಲಾಸ್ಟಿಕ್ ಬಕಲ್, ಲೋಹದ್ದಾದ್ರೆ ಎಳೆಯೋವಾಗ ಗೀರು ಬೀಳುತ್ತೆ. ಕೆಳಗಿನ ಅಂಚು ನೆಲ ಮುಟ್ಟಬಾರದು ಅಂತ ಒತ್ತಿ ಹೇಳಿದ್ದೆ, ಒಂದು ಗೇಣು ಮೇಲೇ ನಿಲ್ಬೇಕು, ಗಾಳಿ ಆಡ್ಲಿ ಅಂತ. ಟೈಲರ್ ಅಣ್ಣ ಮುಂಭಾಗ ಗೊತ್ತಾಗ್ಲಿ ಅಂತ ತಾನಾಗೇ ಒಂದು ಕೆಂಪು ದಾರದ ಗಂಟು ಹಾಕಿ ಕೊಟ್ಟ, ಮಳೇಲಿ ಗಡಿಬಿಡೀಲಿ ಹೊದಿಸೋವಾಗ ಅದು ಎಷ್ಟು ಉಪಯೋಗ ಆಗುತ್ತೆ ಅಂದ್ರೆ ಹೇಳೋದ್ ಬೇಡ.

ಪದ್ಮಿನೀಲಿ ಕವರ್ ಹರಿಯೋ ಜಾಗ ನಾಲ್ಕು: ಹಿಂದಿನ ಎರಡು ರೆಕ್ಕೆ ತುದಿ, ಬಂಪರ್ ಮೇಲೆ ಉಬ್ಬಿ ನಿಂತಿರೋ ಓವರ್ ರೈಡರ್, ಮಾಡಿನ ಅಂಚಿನ ಗಟರ್, ವೈಪರ್. ಅಲ್ಲೆಲ್ಲಾ ಒಳಗಿಂದ ಅಂಗೈ ಅಗಲ ಮೆತ್ತನೆ ಬಟ್ಟೆ ಎರಡು ಪದರ ಹೊಲಿಸಿದೀನಿ.

ಈಗ ನಾನು ಮಾಡೋದು ಇಷ್ಟು. ಕಾರು ಒದ್ದೆ ಇದ್ರೆ, ಕೊಳೆ ಇದ್ರೆ ಹೊದಿಸಲ್ಲ, ಎಷ್ಟೇ ಹೊತ್ತಾಗ್ಲಿ ಮೊದ್ಲು ಒರೆಸ್ತೀನಿ. ಓಡಿಸಿ ಬಂದ್ಮೇಲೆ ಇಂಜಿನ್, ಸೈಲೆನ್ಸರ್ ಆರೋವರೆಗೆ ಕಾಯ್ತೀನಿ. ಮುಂದಿನ ತ್ರಿಕೋನದ ಚಿಕ್ಕ ಗಾಜು ಎರಡೂ ಒಂದ್ ಬೆರಳಷ್ಟು ತೆಗ್ದಿಟ್ಟಿರ್ತೀನಿ, ಬೂಷ್ಟು ಬರೋದು ಅದ್ರಿಂದಲೇ ಮುಕ್ಕಾಲು ಕಮ್ಮಿಯಾಯ್ತು. ಬಾಗಿಲಿನ ತಳದ ತೂತುಗಳಲ್ಲಿ ಕಸ ಕಟ್ಟಿದ್ಯಾ ಅಂತ ಕಡ್ಡಿ ಹಾಕಿ ನೋಡ್ತೀನಿ. ಮಳೆ ಹೊಳವಾದ ದಿನ ಏನೇ ಕೆಲ್ಸ ಇರ್ಲಿ ಕವರ್ ತೆಗ್ದು ದಣಪೆ ಮೇಲೆ ಒಣಗಕ್ಕೆ ಹಾಕಿ, ಪೇಟೆಗೊಂದು ಸುತ್ತು ಹೋಗಿ ಬರ್ತೀನಿ, ಇಂಜಿನ್ ಪೂರ್ತಿ ಬಿಸಿಯಾಗೋವಷ್ಟು. ಕವರ್ ಅಡಿ ಬೆಚ್ಚಗಿರುತ್ತೆ ಅಂತ ಇಲಿ ಸೇರ್ಕೊಳ್ತವೆ, ಒಂದ್ಸಲ ಡೈನಮೋ ವೈರೇ ಕಡ್ದಿದ್ವು, ವಾರಕ್ಕೊಮ್ಮೆ ಬಾನೆಟ್ ಎತ್ತಿದ್ರೆ ಅವಕ್ಕೆ ಗೂಡು ಕಟ್ಟಕ್ಕೆ ಪುರುಸೊತ್ತಾಗಲ್ಲ.

ಚಪ್ಪರದ ಅಡಿಗಿದ್ದಾಗ್ಲೂ ಕವರ್ ಬೇಕು ಅಂತ ಗೊತ್ತಾಗಿದ್ದು ಒಂದು ಕೊಯ್ಲಲ್ಲಿ. ಬೇಯಿಸಿದ ಅಡಿಕೆ ಆಗಷ್ಟೇ ಮೇಲೆ ಹರವಿದ್ವಿ, ತಟ್ಟಿಯಿಂದ ಚೊಗರು ತೊಟ್ಟಿಕ್ಕಿ ಕಾರಿನ ಮಾಡಿನ ಮೇಲೆ ಕೆಂಪು ಕಲೆ. ಸಿಕ್ಕಾಪಟ್ಟೆ ಉಜ್ಜಿದ್ರೂ ಒಂದು ಉಳಿದಿದೆ, ಎರಡು ರೂಪಾಯಿ ನಾಣ್ಯದಷ್ಟು.

ಈ ಕವರಿಗೆ ಇದು ಮೂರನೇ ಮಳೆಗಾಲ. ಬಲಗಡೆ ರೆಕ್ಕೆ ಹತ್ರ ಹೊಲಿಗೆ ಬಿಡ್ತಾ ಇದೆ, ಬಟ್ಟೆ ಮೇಲ್ಪದರ ಕೈಯಲ್ಲಿ ಉಜ್ಜಿದ್ರೆ ಸಣ್ಣಗೆ ನಾರು ಬರ್ತಿದೆ, ಮುಂದಿನ ಮೇ ತಿಂಗಳಲ್ಲಿ ಹೊಸದು ಹೊಲಿಸ್ಬೇಕು. ಅಳತೆ ಚೀಟಿ ಟೈಲರ್ ಅಣ್ಣನ ಹತ್ರಾನೇ ಇದೆ. ಮೊನ್ನೆ ಭಾನುವಾರ ಹೊಳವಿತ್ತು, ಕವರ್ ಎತ್ತಿದ್ರೆ ಬಾನೆಟ್ ಒಣಒಣ, ಅಪ್ಪಯ್ಯ ತಾವೇ ಕೀ ತಗೊಂಡು ಮುಂದೆ ಕೂತ್ರು.