ತೆಳು ಸ್ಟೇನ್‌ಲೆಸ್ ತಗಡಿಗೆ ಪಲ್ಸ್ ಟಿಗ್ ಸೆಟ್ಟಿಂಗ್

ಟಿಗ್ ಎಂದರೆ ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ಆರ್ಕ್ (ವಿದ್ಯುತ್ ಜ್ವಾಲೆ) ಹೊತ್ತಿಸಿ, ಆರ್ಗಾನ್ ಗ್ಯಾಸಿನ ಮರೆಯಲ್ಲಿ ಬೆಸೆಯುವ ವಿಧಾನ. 1.5 ಮಿ.ಮೀ. ದಪ್ಪದ 304 ದರ್ಜೆಯ ಸ್ಟೇನ್‌ಲೆಸ್ ತಗಡನ್ನು ಹೀಗೆ ಒಂದೇ ಸಮನೆ ಕರೆಂಟ್ ಕೊಟ್ಟು ಬೆಸೆದರೆ ಮೊದಲೆರಡು ಇಂಚು ಚೆನ್ನಾಗಿಯೇ ಬರುತ್ತದೆ. ಆಮೇಲೆ ತಗಡು ಕಾದು ಪಡಲ್ (ಕರಗಿದ ಲೋಹದ ಕೊಳ) ಅಗಲವಾಗುತ್ತದೆ, ಅಂಚು ಸೊಟ್ಟಗಾಗುತ್ತದೆ, ಕೊನೆಗೆ ತೂತು ಬೀಳುತ್ತದೆ. ಈ ಲೋಹ ಶಾಖವನ್ನು ಬೇಗ ಸಾಗಹಾಕುವುದಿಲ್ಲ, ಹಿಗ್ಗುವುದು ಮಾತ್ರ ಮೈಲ್ಡ್ ಸ್ಟೀಲಿಗಿಂತ ಹೆಚ್ಚು. ಕರೆಂಟನ್ನು ಪೀಕ್ (ಮೇಲಿನ ಮಟ್ಟ), ಬೇಸ್ (ಕೆಳಗಿನ ಮಟ್ಟ) ಎಂದು ಏರಿಳಿಸುತ್ತ ಕೊಡುವ ಪಲ್ಸ್ ಬೇಕಾಗುವುದು ಇಲ್ಲೇ. ಪೀಕ್ ಕರೆಂಟ್ ಕ್ಷಣಹೊತ್ತು ಕರಗಿಸುತ್ತದೆ. ಬೇಸ್ ಕರೆಂಟ್ ಆರ್ಕ್ ಆರದಂತೆ ನೋಡಿಕೊಂಡು, ಕರಗಿದ್ದು ಗಟ್ಟಿಯಾಗಲು ಬಿಡುತ್ತದೆ.

ಟಾರ್ಚ್ (ಟಂಗ್‌ಸ್ಟನ್ ಹಿಡಿದಿರುವ ಹಿಡಿಕೆ) ಮಷೀನಿನ ನೆಗೆಟಿವ್‌ಗೆ ಇರಲಿ. 1.6 ಮಿ.ಮೀ. ಟಂಗ್‌ಸ್ಟನ್ನನ್ನು ಉದ್ದುದ್ದಕ್ಕೆ ಸಾಣೆ ಹಿಡಿದು ಚೂಪು ಮಾಡಿ. ಆರ್ಗಾನ್ ನಿಮಿಷಕ್ಕೆ 6ರಿಂದ 8 ಲೀಟರ್, ಫಿಲ್ಲರ್ (ಬೆಸುಗೆಗೆ ಕರಗಿಸಿ ತುಂಬುವ ರಾಡ್) 308ಎಲ್ ದರ್ಜೆಯದು. ಅಂಚುಗಳನ್ನು ಅಸಿಟೋನಿನಲ್ಲಿ ಒರೆಸಿ, ನಡುವೆ ಸಂದಿ ಬಿಡದೆ ಜೋಡಿಸಿ, 25 ಮಿ.ಮೀ.ಗೊಂದು ಟ್ಯಾಕ್ (ಹಿಡಿದಿಡುವ ಚಿಕ್ಕ ಬೆಸುಗೆ) ಹಾಕಿ.

ಪೀಕ್ 80 ಆಂಪಿಯರ್, ಬೇಸ್ 20, ಸೆಕೆಂಡಿಗೆ 1.5 ಪಲ್ಸ್, ಪೀಕ್ ಅವಧಿ ಶೇ. 40: ಇಲ್ಲಿಂದ ಶುರು ಮಾಡಿ. ಸರಾಸರಿ ಲೆಕ್ಕ 80ರ ಶೇ. 40 ಅಂದರೆ 32, 20ರ ಶೇ. 60 ಅಂದರೆ 12, ಒಟ್ಟು 44 ಆಂಪಿಯರ್. ಬೇಸನ್ನು ಕೆಲವು ಮಷೀನು ಆಂಪಿಯರಿನಲ್ಲಿ ತೋರಿಸಿದರೆ ಕೆಲವು ಪೀಕಿನ ಶೇಕಡಾವಾರಿನಲ್ಲಿ ತೋರಿಸುತ್ತವೆ. ಇದನ್ನು ನೋಡದೆ ನಾಬ್ ತಿರುಗಿಸಿದರೆ ಲೆಕ್ಕವೆಲ್ಲ ತಪ್ಪುತ್ತದೆ.

ಮೊದಲು ಅದೇ ದಪ್ಪದ ತುಂಡಿನ ಮೇಲೆ ಒಂದು ಬೆಸುಗೆಯ ಗೆರೆ ಎಳೆದು ಹಿಂಬದಿ ನೋಡಿ. ಒಳಕ್ಕೆ ಇಳಿದಿಲ್ಲವಾದರೆ ಪೀಕನ್ನು ಐದೈದು ಆಂಪಿಯರ್ ಏರಿಸಿ. ಇಳಿದಿದೆ, ಆದರೆ ಬಣ್ಣ ಕಡುನೀಲಿ ಅಥವಾ ಬೂದಿಯಾಗಿದೆ ಎಂದರೆ ಪೀಕನ್ನು ಮುಟ್ಟಬೇಡಿ, ಅದರ ಅವಧಿಯನ್ನು ಶೇ. 35ಕ್ಕೆ ಇಳಿಸಿ. ತೂತು ಬಿದ್ದ ಕೂಡಲೇ ಪೀಕ್ ಇಳಿಸುವುದು ಸಾಮಾನ್ಯ ತಪ್ಪು. ಹಾಗೆ ಮಾಡಿದರೆ ತೂತು ನಿಲ್ಲುತ್ತದೆ, ಜೊತೆಗೆ ಬೇರು (ಬೆಸುಗೆಯ ತಳ) ಕರಗುವುದೂ ನಿಲ್ಲುತ್ತದೆ, ಮೇಲಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಒಳಗಿನ ಬದಿ ಸ್ವಚ್ಛವಾಗಿರಬೇಕಾದ ಹಾಲಿನ ಪೈಪಿನಂಥ ಕೆಲಸಕ್ಕೆ ಹಿಂದಿನಿಂದಲೂ ಆರ್ಗಾನ್ ಬಿಡಲೇಬೇಕು. ಪಲ್ಸ್ ಅದಕ್ಕೆ ಬದಲಿಯಲ್ಲ.

ಪೀಕ್ ಬಂದಾಗ ಪಡಲ್ ಅಂಚಿಗೆ ರಾಡ್ ತಾಗಿಸಿ, ಬೇಸಿಗೆ ಇಳಿದಾಗ ಟಾರ್ಚನ್ನು ಸುಮಾರು 1.5 ಮಿ.ಮೀ. ಮುಂದಿಡಿ. ನಿಮಿಷಕ್ಕೆ 135 ಮಿ.ಮೀ. ಸಾಗುತ್ತದೆ. ಚುಕ್ಕೆಗಳು ಒಂದರ ಮೇಲೊಂದು ಅರ್ಧಕ್ಕಿಂತ ಹೆಚ್ಚು ಕೂರದೆ ಬಿಡಿಬಿಡಿಯಾದರೆ ಕೈ ಓಡುತ್ತಿದೆ ಎಂದರ್ಥ. ಬೇಸ್‌ನಲ್ಲಿ ಆರ್ಕ್ ತಡವರಿಸಿದರೆ ಬೇಸನ್ನು 25ಕ್ಕೆ ಏರಿಸಿ.

ಸೆಕೆಂಡಿಗೆ 5ರಿಂದ 15 ಪಲ್ಸ್‌ನ ಮಿಣುಕು ಕಣ್ಣಿಗೆ ಬಲು ಹಿಂಸೆ, ಕೈಯ ತಾಳವೂ ಅದಕ್ಕೆ ಹೊಂದುವುದಿಲ್ಲ. 100 ದಾಟಿಸಿದರೆ ಕೆಲಸವೇ ಬೇರೆ: ಲೋಹ ನಡುನಡುವೆ ಗಟ್ಟಿಯಾಗುವುದಿಲ್ಲ, ಆದರೆ ಆರ್ಕ್ ಕಿರಿದಾಗಿ ಬಿಗಿಯಾಗಿ ನಿಲ್ಲುತ್ತದೆ. ಮೂಲೆ ಜೋಡಣೆಗೆ ಅದು ಒಳ್ಳೆಯದು.

ಮುಗಿಸುವಾಗ ಕರೆಂಟನ್ನು 2-3 ಸೆಕೆಂಡಿನಲ್ಲಿ ಮೆಲ್ಲಗೆ ಇಳಿಸಿ, ಇಲ್ಲದಿದ್ದರೆ ಕೊನೆಯ ಕುಳಿಯಲ್ಲಿ ಬಿರುಕು ಬಿಡುತ್ತದೆ. ಆರ್ಕ್ ನಿಂತ ಮೇಲೂ 6 ಸೆಕೆಂಡ್ ಟಾರ್ಚನ್ನು ಅಲ್ಲೇ ಹಿಡಿದು ಗ್ಯಾಸ್ ಹರಿಯಲು ಬಿಡಿ.